ಕೇಡಿಯ ಎಡಗೆನ್ನೆ

ನಾನು ಓದು ನಿಲ್ಲಿಸಿದ್ದು ೧೯೭೮ರಲ್ಲಿ, ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ. ಫೇಲಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಹಾಗೆಂದೇ ತಿಳಿದುಕೊಳ್ಳುತ್ತಾರೆ. ಅಪ್ಪ ಕೆಲಸ ಮಾಡುತ್ತಿದ್ದ ಬಟ್ಟೆ ಮಿಲ್ಲಿಗೆ ಬೀಗ ಬಿತ್ತು, ಮನೆಯಲ್ಲಿ ನಾನೇ ದೊಡ್ಡ ಮಗ, ಅಷ್ಟೇ. ಒಂದು ಸೋಮವಾರ ಶಾಲೆಗೆ ಹೊರಡುವ ಹೊತ್ತಿಗೆ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬೆಂಗಳೂರಿನ ದಂಡು ಪ್ರದೇಶದ ಒಂದು ಟಾಕೀಸಿನ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ತಗಡಿನ ಶೆಡ್ಡು. ಒಳಗೆ ಎರಡಾಳೆತ್ತರದ ಒಂದು ಹೆಂಗಸಿನ ಮುಖ ಗೋಡೆಗೆ ಒರಗಿ ನಿಂತಿತ್ತು. ಅದಕ್ಕಿನ್ನೂ ಮೂಗು ಬಂದಿರಲಿಲ್ಲ.

ಅದು ಸಿನಿಮಾ ಬ್ಯಾನರ್ ಬರೆಯುವ ಜಾಗ. ನನ್ನ ಹೈಸ್ಕೂಲು, ಕಾಲೇಜು ಎಲ್ಲವೂ ಅದೇ.

ಆ ಟಾಕೀಸಿನಲ್ಲಿ ಬರುತ್ತಿದ್ದುದು ಹೆಚ್ಚಾಗಿ ಇಂಗ್ಲಿಷ್ ಪಿಕ್ಚರುಗಳು, ಅದರಲ್ಲೂ ಕುದುರೆ, ಟೋಪಿ, ಪಿಸ್ತೂಲಿನವು. ನಾವು ಕೌಬಾಯ್ ಪಿಕ್ಚರು ಅನ್ನುತ್ತಿದ್ದೆವು. ಹೊಸವೇನಲ್ಲ. ಹತ್ತು ಹದಿನೈದು ವರ್ಷ ಊರೂರು ಸುತ್ತಿದ ಪ್ರಿಂಟುಗಳು ಗೀರು ಬಿದ್ದು ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳ ಜೊತೆ ಐದಾರು ಕಪ್ಪುಬಿಳುಪು ಫೋಟೋ ಬರುತ್ತಿತ್ತು. ಫೋಟೋದ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕ ಹಾಕುವುದು, ಬಟ್ಟೆಯ ಮೇಲೆ ಸೀಮೆಸುಣ್ಣದ ದಾರ ಮಿಡಿದು ದೊಡ್ಡ ಚೌಕ ಹಾಕುವುದು, ಈ ಚೌಕದಲ್ಲಿದ್ದದ್ದನ್ನು ಆ ಚೌಕಕ್ಕೆ ತೆಗೆದುಕೊಂಡು ಹೋಗುವುದು. ಬಣ್ಣ ಮಾತ್ರ ನಮ್ಮ ತಲೆಯೊಳಗಿಂದ ಬರಬೇಕಾಗಿತ್ತು.

ಶೆಡ್ಡಿನಲ್ಲಿ ಒಂದು ಕಟ್ಟುಪಾಡಿತ್ತು. ಹೀರೋ ಹೀರೋಯಿನ್ ಮುಖವನ್ನು ಮೇಸ್ತ್ರಿಯೇ ಬರೆಯಬೇಕು. ಕುದುರೆ, ಬೆಟ್ಟ, ಆಕಾಶ ಎರಡನೆಯವರದು. ಕೇಡಿಗಳು ಕೊನೆಗೆ ಸೇರಿದವನ ಪಾಲು. ಮೇಸ್ತ್ರಿ ಇದಕ್ಕೆ ಕೊಡುತ್ತಿದ್ದ ಕಾರಣ ಸರಳವಾಗಿತ್ತು. ಹೀರೋ ಮುಖ ಒಂದು ಬೆರಳಷ್ಟು ಹೆಚ್ಚುಕಮ್ಮಿಯಾದರೆ ಅಭಿಮಾನಿಗಳು ಶೆಡ್ಡಿಗೆ ಕಲ್ಲು ಹೊಡೆಯುತ್ತಾರೆ, ಕೇಡಿಯ ಮುಖ ಹೇಗಿದ್ದರೂ ಕೇಳಲು ಯಾರೂ ಬರುವುದಿಲ್ಲ. ನನ್ನ ನಂತರ ಒಂಬತ್ತು ವರ್ಷ ಯಾರೂ ಕೆಲಸಕ್ಕೆ ಸೇರದೇ ಇದ್ದುದರಿಂದ ಅಷ್ಟೂ ವರ್ಷ ನಾನು ಕೇಡಿಗಳನ್ನೇ ಬರೆದೆ.

ಅವರ ಹೆಸರುಗಳು ನಮಗೆ ಗೊತ್ತಿರಲಿಲ್ಲ. ಅಕ್ಷರ ಬರೆಯಲು ಬೇರೆಯವರು ಬರುತ್ತಿದ್ದರು, ಅವರೂ ಹೀರೋ ಹೆಸರೊಂದನ್ನೇ ಬರೆದು ಹೋಗುತ್ತಿದ್ದರು. ಹಾಗಾಗಿ ನಾವೇ ಹೆಸರಿಟ್ಟುಕೊಂಡೆವು. ಹೊಟ್ಟೆಯ ಮೇಲೆ ಗಡಿಯಾರದ ಸರಪಳಿ ಬಿಟ್ಟುಕೊಂಡು ಸಾರಾಯಿ ಅಂಗಡಿ ನಡೆಸುವವನು ಸೇಟು. ನಕ್ಕಾಗ ಇಡೀ ಬಾಯಿ ತೋರಿಸುವವನು ಕುದುರೆಹಲ್ಲು. ಯಾವ ಪಿಕ್ಚರಿನಲ್ಲೂ ಸ್ನಾನ ಮಾಡದವನು ಕರಿಕಂಬಳಿ. ಇವರೆಲ್ಲ ಪಿಕ್ಚರಿಂದ ಪಿಕ್ಚರಿಗೆ ಬರುತ್ತಲೇ ಇದ್ದರು. ಹೋದ ತಿಂಗಳು ಗುಂಡು ತಿಂದು ಸತ್ತವನು ಈ ತಿಂಗಳು ಬೇರೆ ಟೋಪಿ ಹಾಕಿಕೊಂಡು ಬಂದಾಗ, ರಜೆ ಮುಗಿಸಿ ಬಂದ ಸಹೋದ್ಯೋಗಿಯನ್ನು ಕಂಡಂತೆ ನನಗೆ ಖುಷಿಯಾಗುತ್ತಿತ್ತು.

ಅವರಲ್ಲೆಲ್ಲ ನನಗೆ ಬೇಕಾದವನು ಅರೆಗಣ್ಣ. ಉದ್ದ ದವಡೆ, ಒಣಕಲು ಕತ್ತು, ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದೇ ಇರುವುದು, ಎಡಗೆನ್ನೆಯ ಮೇಲೆ ಕಣ್ಣ ಕೆಳಗಿನಿಂದ ದವಡೆಯವರೆಗೆ ಗಾಯದ ಗುರುತು. ಅವನು ಎಂದೂ ದೊಡ್ಡ ಕೇಡಿಯಲ್ಲ. ದೊಡ್ಡ ಕೇಡಿಯ ಹಿಂದೆ ನಿಲ್ಲುವವನು. ಅವನ ಕುದುರೆ ಹಿಡಿದುಕೊಳ್ಳುವುದು, ಅವನ ಮಾತಿಗೆ ನಗುವುದು, ಇಂಟರ್ವೆಲ್ಲಿಗೆ ಮುಂಚೆ ಸಾಯುವುದು, ಇಷ್ಟೇ ಕೆಲಸ. ಆದರೆ ಅವನು ಸತ್ತ ಹಾಗೆ ಯಾರೂ ಸಾಯುತ್ತಿರಲಿಲ್ಲ. ಪಿಕ್ಚರು ಓಡುವ ವಾರ ನಾವು ಮುಂದಿನ ವಾರದ ಬ್ಯಾನರ್ ಬರೆಯುತ್ತಿದ್ದೆವಾದ್ದರಿಂದ, ಪೂರ್ತಿ ಕೂತು ನೋಡಿದ್ದು ಕಡಿಮೆ. ಬೀಡಿ ಹಚ್ಚಲು ಹೊರಗೆ ಬಂದಾಗ ಪರದೆಯ ಪಕ್ಕದ ಬಾಗಿಲಿಂದ ಇಣುಕುತ್ತಿದ್ದೆ. ಅಲ್ಲಿಂದ ಎಲ್ಲರ ಮುಖವೂ ಓರೆಯಾಗಿ ಉದ್ದಕ್ಕೆ ಕಾಣುತ್ತಿತ್ತು. ಅರೆಗಣ್ಣ ಬೀಳುವ ಹೊತ್ತಿಗೆ ಸರಿಯಾಗಿ ಬೀಡಿ ಹಚ್ಚುವುದನ್ನು ರೂಢಿ ಮಾಡಿಕೊಂಡಿದ್ದೆ.

ಹನ್ನೆರಡು ಅಡಿ ಮುಖವನ್ನು ಹತ್ತಿರದಿಂದ ಬರೆದವನಿಗೆ ಅದು ಕಾಣುವುದಿಲ್ಲ. ಬಿದಿರಿನ ಸಾರುವೆಯಿಂದ ಇಳಿದು, ರಸ್ತೆ ದಾಟಿ, ಎದುರಿನ ಬಸ್‌ಸ್ಟಾಪಿನಲ್ಲಿ ನಿಂತು ನೋಡಬೇಕು. ಅಲ್ಲಿ ಬಸ್ಸಿಗೆ ಕಾದವರು ನನ್ನ ಅರೆಗಣ್ಣನನ್ನು ನೋಡಿ ಪಕ್ಕದವರಿಗೆ ತೋರಿಸುವುದನ್ನು ಕಂಡಿದ್ದೇನೆ. ಒಬ್ಬ ತಾಯಿ, ಅಳುವ ಮಗುವಿಗೆ ಅವನನ್ನು ತೋರಿಸಿ ಬಾಯಿ ಮುಚ್ಚಿಸಿದಳು. ಆವತ್ತು ನಾನು ಎರಡು ಬಸ್ಸು ಹೋಗುವ ತನಕ ಅಲ್ಲೇ ನಿಂತಿದ್ದೆ.

ಆಮೇಲೆ ಪ್ಲಾಸ್ಟಿಕ್ ಮೇಲೆ ಮಷಿನ್ನಿನಲ್ಲಿ ಒತ್ತುವ ಬ್ಯಾನರು ಬಂತು. ಮೇಸ್ತ್ರಿ ಹೋದರು, ಶೆಡ್ಡು ಹೋಯಿತು, ಕೊನೆಗೆ ಟಾಕೀಸೂ ಹೋಯಿತು. ನಾನು ಹೆಂಡತಿಯ ಅಣ್ಣನ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಂತೆ. ಬ್ಯಾನರ್ ಬರೆದವನಿಗೆ ದೋಸೆ ಹುಯ್ಯುವುದು ಹೊಸದೇನಲ್ಲ. ಒಂದೇ ಸುತ್ತು, ಕೈ ಹಿಂಜರಿಯಬಾರದು. ಆ ಕೈಯೇ ನನ್ನನ್ನು ಅಡುಗೆಯವನ ವರ್ಕ್ ಪರ್ಮಿಟ್ಟಿನ ಮೇಲೆ ಐರ್ಲೆಂಡಿಗೆ ತಂದಿತು. ಸೂಟ್‌ಕೇಸಿನ ಬೀಗ ಕೆಟ್ಟಿದ್ದರಿಂದ, ಬಣ್ಣದ ಡಬ್ಬ ಮೇಲಕ್ಕೆ ಸೇದುತ್ತಿದ್ದ ಶೆಡ್ಡಿನ ಹಗ್ಗವನ್ನೇ ಅದಕ್ಕೆ ಬಿಗಿದುಕೊಂಡು ಬಂದಿದ್ದೆ. ಫಾರಿನ್ನಿಗೆ ಹಗ್ಗ ತಂದವರು ನೀವೊಬ್ಬರೇ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಮಗಳಿಗೆ ಆಗ ಆರು ವರ್ಷ. ಈಗ ಓದು ಮುಗಿಸಿ ಇಲ್ಲಿಯ ರಾಜಧಾನಿಯ ಸ್ಯಾಂಡಿಫರ್ಡ್ ಬಡಾವಣೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಲ್ಲಿಯವರ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

೨೦೨೦ರ ಮಾರ್ಚಿನಲ್ಲಿ ಕೊರೊನಾ ಬಂದು, ನಾನು ಕೆಲಸ ಮಾಡುತ್ತಿದ್ದ ಹೋಟೆಲ್ ಮುಚ್ಚಿತು. ಎಂಟನೇ ಕ್ಲಾಸು ಬಿಟ್ಟ ಮೇಲೆ ನಾನು ಕೆಲಸವಿಲ್ಲದೆ ಒಂದು ವಾರ ಕೂತವನಲ್ಲ. ಮಗಳ ಆಫೀಸು ಅವಳ ಮಲಗುವ ಕೋಣೆಗೇ ಬಂತು. ನನ್ನ ದೋಸೆ ಕಲ್ಲು ಎಲ್ಲಿಗೂ ಬರಲಿಲ್ಲ. ನಾವಿರುವುದು ಅದೇ ಊರಿನ ಸ್ಯಾಂಟ್ರಿಯಲ್ಲಿ, ಏರ್‌ಪೋರ್ಟಿಗೆ ಹತ್ತಿರ. ದಿನವಿಡೀ ತಲೆಯ ಮೇಲೆ ಹೋಗುತ್ತಿದ್ದ ವಿಮಾನಗಳು ನಿಂತುಹೋದವು. ಆ ನಿಶ್ಶಬ್ದದಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನ ಮನೆಯಿಂದ ಗುಂಡು ಹಾರಿದ ಸದ್ದು ಕೇಳಿತು. ಹಿಂದೆಯೇ ಕುದುರೆಗಳ ಓಟ, ಪಿಟೀಲು, ಮತ್ತೆರಡು ಗುಂಡು. ಒಬ್ಬ ಬಿದ್ದ. ನನ್ನ ಕೈಯಲ್ಲಿದ್ದ ಒದ್ದೆ ಟವೆಲ್ ಹಾಗೇ ಉಳಿಯಿತು. ಮೂವತ್ತು ವರ್ಷದ ಮೇಲೆ ಕೇಳಿದರೂ ಆ ಸದ್ದು ನನಗೆ ಗೊತ್ತಿತ್ತು.

ಕೆಳಗಿನ ಮನೆಯಲ್ಲಿದ್ದವರು ಎಂಬತ್ತೊಂದು ವರ್ಷದ ಯಜಮಾನರು. ಬಸ್ ಓಡಿಸಿ ರಿಟೈರಾದವರು, ಹೆಂಡತಿ ತೀರಿಕೊಂಡಿದ್ದರು, ಮಗಳು ರೈಲಿನಲ್ಲಿ ಹೋಗುವಷ್ಟು ದೂರದ ಅತ್ಲೋನ್ ಪೇಟೆಯಲ್ಲಿ. ಅಷ್ಟು ವರ್ಷ ನಮ್ಮಿಬ್ಬರ ನಡುವೆ ನಡೆದದ್ದು ಹವಾಮಾನದ ಮಾತು ಮಾತ್ರ. ಈಗ ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಬರಬಾರದೆಂದು ಸರ್ಕಾರ ಹೇಳಿತ್ತು. ಅದಕ್ಕೆ ಇಲ್ಲಿಯವರು ರೇಷ್ಮೆಗೂಡಿನ ಹೆಸರು ಕೊಟ್ಟಿದ್ದರು. ಗೂಡಿನೊಳಗೆ ಬೆಚ್ಚಗಿರಿ ಎಂಬ ಅರ್ಥದಲ್ಲಿ. ರಾಮನಗರದ ಕಡೆ ಗೂಡನ್ನು ಕುದಿಯುವ ನೀರಿಗೆ ಹಾಕುವುದನ್ನು ಕಂಡ ನನಗೆ ಆ ಹೆಸರು ಹಿಡಿಸಲಿಲ್ಲ. ಅವರಿಗೆ ಅದನ್ನು ಹೇಳಲಿಲ್ಲ.

ಮರುದಿನ ಅಷ್ಟೇ ಹೊತ್ತಿಗೆ ಬಾಲ್ಕನಿಯಿಂದ ಬಗ್ಗಿ, ಸಾರಾಯಿ ಅಂಗಡಿಯ ದಪ್ಪ ಮನುಷ್ಯ ಸತ್ತನೇ ಎಂದು ಕೇಳಿದೆ. ಅವರು ಗಾಜಿನ ಬಾಗಿಲು ತೆಗೆದು ಮೇಲೆ ನೋಡಿದರು. ಇನ್ನೂ ಇಲ್ಲ, ಆದರೆ ಹೆಚ್ಚು ಹೊತ್ತಿಲ್ಲ ಅಂದರು. ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ. ನನ್ನ ಕಿವಿಗೆ ಮಾತ್ರ ಅವರು ನೀನು ಎಂದ ಹಾಗೆಯೇ ಕೇಳುತ್ತಿತ್ತು, ನಾನು ನೀವು ಎನ್ನುತ್ತಿದ್ದ ಹಾಗೆ. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಅಲ್ಲಿಂದ ಹಗ್ಗ ಕೆಲಸಕ್ಕೆ ಬಂತು. ಬಟ್ಟೆಯ ಚೀಲದಲ್ಲಿ ಉಪ್ಪಿಟ್ಟು, ಖಾರ ಕಮ್ಮಿ ಹಾಕಿದ ದೋಸೆ ಇಟ್ಟು ಬಣ್ಣದ ಡಬ್ಬಕ್ಕೆ ಹಾಕುತ್ತಿದ್ದ ಗಂಟನ್ನೇ ಹಾಕಿ ಕೆಳಗೆ ಬಿಡುತ್ತಿದ್ದೆ. ಚೀಲ ಮೇಲೆ ಬರುವಾಗ ಟಿವಿ ಕಾರ್ಯಕ್ರಮಗಳ ಪುಸ್ತಕದಿಂದ ಹರಿದ ಹಾಳೆ ಅದರಲ್ಲಿರುತ್ತಿತ್ತು. ವಾರದ ಕೌಬಾಯ್ ಪಿಕ್ಚರುಗಳಿಗೆಲ್ಲ ಯಜಮಾನರು ಕೆಂಪು ಪೆನ್ನಿನಿಂದ ಸುತ್ತು ಹಾಕಿರುತ್ತಿದ್ದರು. ಮೂರು ಗಂಟೆಗೆ ಅವರು ಕೆಳಗೆ, ನಾನು ಮೇಲೆ, ಒಂದೇ ಪಿಕ್ಚರು. ಜಾಹೀರಾತು ಬಂದ ಕೂಡಲೆ ಇಬ್ಬರೂ ಹೊರಗೆ. ಅವರು ಕಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ನಾನು ಕಂಬಿ ಹಿಡಿದುಕೊಂಡು.

ಹೀರೋ ಬಗ್ಗೆ ನಾವು ಒಂದು ದಿನವೂ ಮಾತಾಡಲಿಲ್ಲ. ಯಜಮಾನರಿಗೂ ಕೇಡಿಗಳೇ ಬೇಕು. ಅವರ ಊರು ಅತ್ಲೋನಿಗೆ ಸಮೀಪದ ಹಳ್ಳಿ. ಹುಡುಗರಾಗಿದ್ದಾಗ ಅಣ್ಣನೂ ಅವರೂ ಸೈಕಲ್ ತುಳಿದು ಪೇಟೆಯ ಟಾಕೀಸಿಗೆ ಹೋಗುತ್ತಿದ್ದರಂತೆ. ಆ ಅಣ್ಣ ಮುಂದೆ ಕೆಲಸ ಹುಡುಕಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ತೀರಿಕೊಂಡರು. ಕೇಡಿಗಳ ಪರವಾಗಿ ಯಜಮಾನರ ವಾದ ಇದು.

"ಹೀರೋ ಏನು ಮಾಡ್ತಾನೆ ಹೇಳು? ಹತ್ತು ಗಂಟೆಗೆ ಕುದುರೆ ಮೇಲೆ ಬರ್ತಾನೆ, ಊಟ ಸಿಗುತ್ತೆ, ಹುಡುಗಿ ಸಿಗ್ತಾಳೆ. ಆ ಬಡಪಾಯಿ ಕೇಡಿ ಬೆಳಗಿನ ಜಾವ ಎದ್ದು ಬಂಡೆ ಮೇಲೆ ಕಾವಲು ಕೂತಿರ್ತಾನೆ, ಬಿಸಿಲಲ್ಲಿ. ನಾನೂ ಅಷ್ಟೇ, ಬೆಳಗಿನ ಮೊದಲ ಬಸ್ಸಿನ ಡ್ರೈವರ್."

ನಾನು ಇಪ್ಪತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನೋಡಿದವನು. ನನಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಮೇ ತಿಂಗಳಲ್ಲಿ ಅರೆಗಣ್ಣನ ಮಾತು ಬಂತು. ಅವರಿಗೆ ಅವನ ನಿಜವಾದ ಹೆಸರೇ ಗೊತ್ತಿತ್ತು. ಹೇಳಿದರು, ನನ್ನ ತಲೆಯಲ್ಲಿ ಅದು ನಿಲ್ಲಲಿಲ್ಲ. ಕಣ್ಣಿನ ರೆಪ್ಪೆ ಇಳಿದವನು ಎಂದಾಗ ಇಬ್ಬರೂ ಒಂದೇ ಮನುಷ್ಯನ ಬಳಿಗೆ ಬಂದು ನಿಂತೆವು. ಕುದುರೆ ಸವಾರಿ ಬರುತ್ತಿರಲಿಲ್ಲ ಅವನಿಗೆ, ಜೀನಿನ ಮೇಲೆ ಮೂಟೆಯ ಹಾಗೆ ಕುಣಿಯುತ್ತಿದ್ದ ಅಂದರು. ಹೌದು ಅಂದೆ. ಸಾಯುವುದರಲ್ಲಿ ಮಾತ್ರ ಅವನನ್ನು ಮೀರಿಸಿದವರಿಲ್ಲ ಅಂದರು. ಹೌದು ಅಂದೆ. ಆ ಎಡಗೆನ್ನೆಯ ಗಾಯ ಒಂದೇ ಸಾಕಿತ್ತು ಅವನಿಗೆ, ಎಂದು ನಾನು ಸೇರಿಸಿದೆ.

ಯಾವ ಗಾಯ ಎಂದು ಅವರು ಕೇಳಿದರು.

ಅವರ ಪ್ರಕಾರ ಅವನ ಕೆನ್ನೆಯ ಮೇಲೆ ಏನೂ ಇರಲಿಲ್ಲ. ಮನೆಗೆ ಬಂದ ಮೇಲೆ ಅಣ್ಣ ತಮ್ಮ ಇಬ್ಬರೂ ಸರದಿಯ ಮೇಲೆ ಅವನಾಗುತ್ತಿದ್ದರಂತೆ, ಬೆರಳಿನಿಂದ ಎಡಗಣ್ಣಿನ ರೆಪ್ಪೆ ಇಳಿಸಿಕೊಂಡು. ಗಾಯ ಇದ್ದಿದ್ದರೆ ಒಲೆಯ ಮಸಿಯಿಂದ ಅದನ್ನೂ ಬಳಿದುಕೊಳ್ಳುತ್ತಿರಲಿಲ್ಲವೇ ಎಂದರು. ನಾನು ನಕ್ಕೆ. ಮೂರು ಎಳೆತದಲ್ಲಿ ಆ ಗಾಯ ಬರುತ್ತದೆ: ಮೊದಲು ಕೆಂಪು ಬೆರೆಸಿದ ಕಂದು, ಅದರ ಅಂಚಿಗೆ ಕಪ್ಪು, ಮೇಲೆ ತೆಳುವಾಗಿ ಬಿಳಿ. ನಿದ್ದೆಯಲ್ಲೂ ಹಾಕಬಲ್ಲೆ.

"ಯಜಮಾನ್ರೇ, ನೀವು ಅವನನ್ನ ನೋಡಿದೀರಿ. ನಾನು ಬರೆದಿದೀನಿ. ಹನ್ನೆರಡು ಅಡಿ."

ಆ ಮಾತು ಸ್ವಲ್ಪ ಗಟ್ಟಿಯಾಗಿಯೇ ಬಂತು. ಕಾರಣ ಇದೆ. ಎಲ್ಲ ಫಾರ್ಮುಗಳಲ್ಲೂ ವಿದ್ಯಾಭ್ಯಾಸ ಎಂಬ ಒಂದು ಖಾನೆ ಇರುತ್ತದೆ. ನಲವತ್ತು ವರ್ಷ ಅದರಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಮಗಳು ಮನೆಯಲ್ಲಿ ಏನು ಹೇಳಿದರೂ ಅದು ಪುಸ್ತಕದಲ್ಲಿ ಓದಿದ್ದೋ ಕಂಪ್ಯೂಟರಿನಲ್ಲಿ ಕಂಡದ್ದೋ ಆಗಿರುತ್ತಿತ್ತು, ನಾನು ತಲೆಯಾಡಿಸುತ್ತಿದ್ದೆ. ಲೋಕದಲ್ಲಿ ಒಂದೇ ಒಂದು ವಿಷಯ ನಾನು ಯಾರನ್ನೂ ಕೇಳದೆ ಹೇಳಬಲ್ಲವನಾಗಿದ್ದೆ. ಆ ಮುಖಗಳು.

ಮಗಳು ಬಾಲ್ಕನಿಗೆ ಬಂದು, ಒಂದು ನಿಮಿಷ ಇರಿ, ಫೋನಿನಲ್ಲಿ ನೋಡಿ ಹೇಳುತ್ತೇನೆ ಅಂದಳು. ಬೇಡ ಎಂದು ನಾವಿಬ್ಬರೂ ಒಟ್ಟಿಗೆ ಅಂದೆವು. ಅವಳು ನಮ್ಮಿಬ್ಬರನ್ನೂ ನೋಡಿ, ಫೋನನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದಳು. ಪಿಕ್ಚರೇ ತೀರ್ಮಾನ ಮಾಡಬೇಕು ಎಂದಾಯಿತು. ಅವನು ನೀರಿನ ತೊಟ್ಟಿಯ ಪಕ್ಕ ಸಾಯುವ ಪಿಕ್ಚರು ಎಂದಾದರೂ ಬಂದೇ ಬರುತ್ತದೆ. ಸೋತವನು ಗೆದ್ದವನ ಎದುರು ನಿಂತು, ಸುತ್ತಲಿನವರಿಗೆಲ್ಲ ಕೇಳುವಂತೆ, ತಪ್ಪು ನನ್ನದು ಎಂದು ಹೇಳಬೇಕು.

ಇದನ್ನು ಕೇಳಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ರೀ, ಮದುವೆಯಾಗಿ ಇಷ್ಟು ವರ್ಷ ಆಯ್ತು, ನಿಮ್ಮ ಬಾಯಲ್ಲಿ ಆ ಮಾತು ಬಂದಿದ್ದು ನಾನಂತೂ ಕೇಳಿಲ್ಲ. ಹೇಗಾದ್ರೂ ಮಾಡಿ ಗೆದ್ದುಬಿಡಿ."

ಬೇಸಿಗೆ ಕಳೆಯಿತು. ಸೇಟು ಬಂದ, ಕುದುರೆಹಲ್ಲು ಬಂದ, ಕರಿಕಂಬಳಿ ನಾಲ್ಕು ಸಲ ಬಂದು ನಾಲ್ಕು ಸಲವೂ ಸತ್ತ. ಅರೆಗಣ್ಣ ಒಮ್ಮೆ ಬಂದ, ಆದರೆ ಆ ಪಿಕ್ಚರಿನಲ್ಲಿ ಮುಖ ತುಂಬ ಗಡ್ಡ ಬಿಟ್ಟಿದ್ದ. ಗಾಯ ಮುಚ್ಚಲೆಂದೇ ಗಡ್ಡ ಬಿಟ್ಟಿದ್ದಾನೆ ಎಂದು ನಾನು, ಚಳಿಗೆ ಬಿಟ್ಟಿದ್ದಾನೆ ಎಂದು ಅವರು. ಆವತ್ತಿನ ಜಗಳ ಜಾಹೀರಾತು ಮುಗಿದ ಮೇಲೂ ನಡೆದು, ಪಿಕ್ಚರಿನ ಕೊನೆ ಇಬ್ಬರಿಗೂ ತಪ್ಪಿಹೋಯಿತು. ಎದುರಿನ ಮನೆಯವರು ಕಿಟಕಿ ತೆರೆದು, ಈ ಗಾಯದ ವಿಚಾರ ಏನಾಯಿತು ಎಂದು ವಿಚಾರಿಸುವ ಮಟ್ಟಕ್ಕೆ ಬಂತು. ಹೋಟೆಲ್ ನಡುವೆ ಒಂದಷ್ಟು ದಿನ ತೆರೆದು ಮತ್ತೆ ಮುಚ್ಚಿತು. ಹಗ್ಗ ಮಾತ್ರ ದಿನವೂ ಇಳಿಯಿತು.

ಡಿಸೆಂಬರಿನಲ್ಲಿ ಯಜಮಾನರು ಅಡುಗೆಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಂಬುಲೆನ್ಸಿನವರು ಮೈತುಂಬ ಪ್ಲಾಸ್ಟಿಕ್ ಬಟ್ಟೆ ತೊಟ್ಟು ಬಂದರು. ಹತ್ತಿರ ಹೋಗುವಂತಿರಲಿಲ್ಲ. ಬಾಲ್ಕನಿಯಿಂದ ನೋಡುತ್ತಿದ್ದೆ. ಸ್ಟ್ರೆಚರಿನ ಮೇಲೆ ಮಲಗಿದ್ದವರು ನನ್ನನ್ನು ಕಂಡು ಕೈ ಎತ್ತಿ, ಬೆರಳಿನಿಂದ ಎಡಗಣ್ಣಿನ ರೆಪ್ಪೆಯನ್ನು ಇಳಿಸಿ ತೋರಿಸಿದರು. ನಾನು ನನ್ನ ಎಡಗೆನ್ನೆಯ ಮೇಲೆ ಮೇಲಿಂದ ಕೆಳಗೆ ಬೆರಳೆಳೆದು ತೋರಿಸಿದೆ. ಬಾಗಿಲು ಮುಚ್ಚಿತು.

ಅವರು ಆ ಮನೆಗೆ ಮರಳಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಮಗಳು ತನ್ನೂರಿನ ಹತ್ತಿರದ ಒಂದು ವೃದ್ಧರ ಆರೈಕೆ ಮನೆಗೆ ಸೇರಿಸಿದಳು. ನಮಗೋ ಸರ್ಕಾರದ ಕಟ್ಟಳೆ, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಅತ್ಲೋನ್ ಬೆಂಗಳೂರಿನಷ್ಟೇ ದೂರವಾಯಿತು.

ಫೆಬ್ರವರಿಯ ಒಂದು ಬುಧವಾರ ಆ ಪಿಕ್ಚರು ಬಂತು. ಹಾಳೆ ಕಳಿಸುವವರಿಲ್ಲದ್ದರಿಂದ ಗೊತ್ತೇ ಇರಲಿಲ್ಲ. ಮೂರು ಗಂಟೆಗೆ ಅಭ್ಯಾಸಬಲದಿಂದ ಟಿವಿ ಹಾಕಿದೆ, ನೀರಿನ ತೊಟ್ಟಿ ಕಂಡಿತು. ಹೆಂಡತಿಯನ್ನು, ಮಗಳನ್ನು ಕೂಗಿ ಕರೆದೆ. ನೋಡಿ, ಈಗ ಬರುತ್ತಾನೆ, ಎಡಗೆನ್ನೆ ನೋಡಿ ಎಂದೆ.

ಅರೆಗಣ್ಣ ಬಂದ. ಕುದುರೆಯಿಂದ ಇಳಿದು, ಟೋಪಿ ತೆಗೆದು, ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡ. ಕ್ಯಾಮೆರಾ ಅವನ ಮುಖದ ಹತ್ತಿರ ಹೋಯಿತು. ಹತ್ತಿರ ಎಂದರೆ ನಾನು ಸಾರುವೆಯ ಮೇಲೆ ನಿಂತಷ್ಟು ಹತ್ತಿರ. ಎಡಗೆನ್ನೆಯ ಮೇಲೆ ನೀರು ಇಳಿಯಿತು. ಅದು ನನ್ನ ಕೆನ್ನೆಯ ಹಾಗೆ, ಯಾರ ಕೆನ್ನೆಯ ಹಾಗೆ ಬೇಕಾದರೂ ಇತ್ತು. ಒಂದು ಗೀರೂ ಇಲ್ಲ. ಆಮೇಲೆ ಗುಂಡು ಬಿತ್ತು, ಅವನು ಬಹಳ ಚೆನ್ನಾಗಿ ಸತ್ತ. ನಾನು ಅದನ್ನು ಸರಿಯಾಗಿ ನೋಡಲಿಲ್ಲ.

ಹೆಂಡತಿ ಎದ್ದು ಕಾಫಿಗೆ ಇಟ್ಟಳು. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅಪರೂಪಕ್ಕೆ ಕನ್ನಡದಲ್ಲಿ, "ಅಪ್ಪ, ಪರವಾಗಿಲ್ಲ" ಅಂದಳು.

ಆಗ ಮೇಸ್ತ್ರಿ ನೆನಪಾದರು. ನಾನು ಸೇರಿದ ಮೊದಲ ವರ್ಷ. ಒಂದು ಫೋಟೋದಲ್ಲಿ ಹೀರೋ ಮತ್ತು ಅರೆಗಣ್ಣ ಎದುರುಬದುರು. ಇಬ್ಬರಿಗೂ ಅದೇ ಟೋಪಿ, ಅದೇ ಧೂಳು, ಅದೇ ಎರಡು ದಿನದ ಗಡ್ಡ. ಬರೆದು ಮುಗಿಸಿ ಬಸ್‌ಸ್ಟಾಪಿಗೆ ಹೋಗಿ ನೋಡಿದ ಮೇಸ್ತ್ರಿ ಬೈದುಕೊಂಡು ವಾಪಸು ಬಂದರು. ನನ್ನ ಕುಂಚ ಕಿತ್ತುಕೊಂಡು ಸಾರುವೆ ಹತ್ತಿ ಅರೆಗಣ್ಣನ ಎಡಗೆನ್ನೆಯ ಮೇಲೆ ಮೂರು ಎಳೆತ ಎಳೆದರು.

"ಲೇ, ಬಸ್‌ಸ್ಟಾಪಲ್ಲಿ ನಿಂತೋನಿಗೆ ಯಾವೋನು ಕೇಡಿ ಅಂತ ಒಂದೇ ನೋಟಕ್ಕೆ ಗೊತ್ತಾಗ್ಬೇಕು. ಹಾಕೋ ಒಂದು ಗಾಯ. ಇನ್ಮೇಲೆ ಎಲ್ಲಾರ್ಗೂ ಹಾಕು."

ಎಲ್ಲರಿಗೂ ಹಾಕಿದ್ದೆ. ಸೇಟುವಿಗೆ, ಕುದುರೆಹಲ್ಲಿಗೆ, ಕರಿಕಂಬಳಿಗೆ. ಉಳಿದವರ ಗಾಯ ಎಂದೋ ಮರೆತುಹೋಗಿತ್ತು. ಬೇಕಾದವನು ಎಂಬ ಕಾರಣಕ್ಕೋ ಏನೋ, ಇವನೊಬ್ಬನ ಮೇಲೆ ಉಳಿದುಕೊಂಡಿತ್ತು. ನಾನು ಕಂಡಿದ್ದು ಅವನ ಮುಖವನ್ನಲ್ಲ, ನನ್ನ ಕೈಯನ್ನು.

ಸೋತದ್ದು ತಿಳಿದ ಮೇಲೆ ಒಪ್ಪಿಕೊಳ್ಳಲೇಬೇಕು. ನಾನು ಕೊಟ್ಟ ಮಾತು ತಪ್ಪಿದವನಲ್ಲ. ಬಾಲ್ಕನಿಗೆ ಹೋಗಿ ನೋಡಿದರೆ ಕೆಳಗೆ ಖಾಲಿ ಕಲ್ಲುಹಾಸು. ಅವರ ಮಗಳ ನಂಬರ್ ಇತ್ತು. ಫೋನ್ ಮಾಡಿದೆ, ಅವಳು ಆರೈಕೆ ಮನೆಯವರಿಗೆ ಹೇಳಿ ಅವರ ಕಿವಿಗೆ ಫೋನ್ ಹಿಡಿಸಿದಳು. ಅವರಿಗೆ ಅರ್ಧ ಕೇಳಿಸುತ್ತಿರಲಿಲ್ಲ. ಮಳೆ ಬರ್ತಿದೆಯಾ ಎಂದು ನಾನು ಕೇಳಿದೆ. ಬರ್ತಿದೆ, ಅಲ್ಲೂ ಬರ್ತಿದೆಯಾ ಎಂದರು. ಇಲ್ಲೂ ಬರ್ತಿದೆ ಎಂದೆ. ಎದುರಿಗೆ ನಿಂತು ಹೇಳಬೇಕು ಎಂಬ ಮಾತಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡು ಫೋನಿಟ್ಟೆ. ಆದರೆ ಎಂಬತ್ತೆರಡಕ್ಕೆ ಬಂದವರು, ಆ ಚಳಿಗಾಲದಲ್ಲಿ, ಅಂಥ ಜಾಗದಲ್ಲಿ. ಪ್ರತಿದಿನ ಸುದ್ದಿ ಕೇಳುವಾಗ ಆರೈಕೆ ಮನೆ ಎಂಬ ಮಾತು ಬಂದರೆ ಟಿವಿಯ ಸದ್ದು ಹೆಚ್ಚಿಸುತ್ತಿದ್ದೆ. ತಡವಾದರೆ ಈ ಮಾತನ್ನು ನಾನು ಹೇಳುವುದಾದರೂ ಯಾರಿಗೆ?

ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲಿ ನಿಂತು ಎರಡಡಿ ಪ್ಲೈವುಡ್ಡು, ಆರು ಬಣ್ಣ, ನಾಲ್ಕು ಕುಂಚ ತರಿಸಿಕೊಂಡೆ. ಅಡುಗೆಮನೆಯ ಮೇಜಿನ ಮೇಲೆ ಚೌಕ ಹಾಕಿ ಅರೆಗಣ್ಣನನ್ನು ಬರೆಯತೊಡಗಿದೆ. ಕಣ್ಣು, ದವಡೆ, ಕತ್ತು, ಟೋಪಿ ಬಂದವು. ಎಡಗೆನ್ನೆಗೆ ಬಂದಾಗ ಕೈ ತಾನಾಗಿ ಕಂದು ಬಣ್ಣದ ಕಡೆ ಹೋಗುತ್ತಿತ್ತು. ಎರಡು ಸಲ ಎಳೆದು ಎರಡು ಸಲ ಒರೆಸಿದೆ. ಮೂರನೇ ಸಲ ಹೆಂಡತಿ ಕಂದು ಬಣ್ಣದ ಡಬ್ಬವನ್ನೇ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಹಾಗೆ ಒಂದು ಕೆನ್ನೆ ಸ್ವಚ್ಛವಾಗಿ ಉಳಿಯಿತು.

ಜಿಲ್ಲೆ ದಾಟಬಹುದು ಎಂದು ಹೇಳಿದ ತಿಂಗಳಲ್ಲೇ ಒಂದು ಸೋಮವಾರ ರೈಲು ಹತ್ತಿದೆ. ಮಾಸ್ಕು, ಹಗ್ಗದಲ್ಲಿ ಕಟ್ಟಿದ ಹಲಗೆ, ಡಬ್ಬದಲ್ಲಿ ದೋಸೆ. ಅತ್ಲೋನ್ ಸ್ಟೇಷನ್ನಿಗೆ ಅವರ ಮಗಳು ಕಾರು ತಂದಿದ್ದಳು. ದಾರಿಯಲ್ಲಿ, ಅಪ್ಪನಿಗೆ ಈಗ ನೆನಪು ಅಲ್ಲಲ್ಲಿ ಕೈ ಕೊಡುತ್ತದೆ, ನಿಮ್ಮ ಗುರುತು ಹತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ ಅಂದಳು. ಒಳಗೆ ಮನೆಯವರಿಗೆ ಮಾತ್ರ ಬಿಡುತ್ತಿದ್ದರು. ನಾನು ಹೊರಗೆ ಹೂವಿನ ಪಾತಿಯ ಪಕ್ಕ ಕಿಟಕಿಯ ಎದುರು ನಿಂತೆ. ಮಗಳು ಒಳಗೆ ಹೋಗಿ ಅವರ ಗಾಲಿಕುರ್ಚಿಯನ್ನು ತಂದು, ಕಿಟಕಿಯನ್ನು ಒಂದು ಗೇಣು ತೆರೆದಳು. ತುಂಬ ಇಳಿದುಹೋಗಿದ್ದರು. ನನ್ನನ್ನು ನೋಡಿದರು. ಮೇಲೆ ನೋಡಿ ಅಭ್ಯಾಸವಾದವರಿಗೆ ನೇರವಾಗಿ ನೋಡಿ ಗುರುತಿಸಲು ಒಂದು ಗಳಿಗೆ ಬೇಕಾಯಿತು. ಮಾಸ್ಕು ಇಳಿಸಿದೆ.

"ಏನು, ದೋಸೆ ತಂದೆಯಾ?" ಅಂದರು.

ತೋಟದಲ್ಲಿ ಇನ್ನಿಬ್ಬರು ವೃದ್ಧರಿದ್ದರು, ಒಬ್ಬಳು ಕೇರಳದ ನರ್ಸ್ ಇದ್ದಳು, ಹುಲ್ಲು ಕತ್ತರಿಸುವವನೊಬ್ಬ ಮಷಿನ್ ನಿಲ್ಲಿಸಿ ನೋಡುತ್ತಿದ್ದ. ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ದನಿ ಎತ್ತಿದೆ.

"ಯಜಮಾನ್ರೇ, ಪಿಕ್ಚರು ನೋಡಿದೆ. ಗಾಯ ಇರಲಿಲ್ಲ. ತಪ್ಪು ನನ್ನದು."

ಹೇಳಿಯಾಯಿತು. ಅಂದುಕೊಂಡಷ್ಟು ಭಾರವಿರಲಿಲ್ಲ. ಹಗ್ಗ ಬಿಚ್ಚಿ ಹಲಗೆಯನ್ನು ಗಾಜಿಗೆ ಹಿಡಿದೆ.

ಯಜಮಾನರು ಬಹಳ ಹೊತ್ತು ನೋಡಿದರು. ಬೆರಳನ್ನು ಗಾಜಿನ ಮೇಲಿಟ್ಟು ಟೋಪಿ ಮುಟ್ಟಿದರು, ಇಳಿದ ರೆಪ್ಪೆ ಮುಟ್ಟಿದರು, ಕೆನ್ನೆಗೆ ಬಂದು ನಿಲ್ಲಿಸಿದರು.

"ಇದು ಯಾರು? ಅವನಲ್ಲ ಇದು. ಅವನ ಗಾಯ ಎಲ್ಲಿ?"

ಮಗಳು ಅವರ ಭುಜ ಮುಟ್ಟಿ, ಅಪ್ಪ, ಗಾಯ ಇಲ್ಲ ಅಂತ ವಾದಿಸಿದ್ದು ನೀವೇ ಎಂದಳು. ಅವರು ಅವಳ ಕಡೆ ತಿರುಗಿ, ಏನೂ ತಿಳಿಯದವರಿಗೆ ತಿಳಿಹೇಳುವ ಹಾಗೆ ಹೇಳಿದರು. "ಗಾಯ ಇತ್ತು. ಈ ಮನುಷ್ಯ ಬರೆದಿದಾನೆ ಅವನನ್ನ, ಹನ್ನೆರಡು ಅಡಿ. ಇವನಿಗೆ ಗೊತ್ತಿರುತ್ತೆ."

ತಮಾಷೆ ಮಾಡುತ್ತಿರಲಿಲ್ಲ. ಏಳು ತಿಂಗಳು ಬಾಲ್ಕನಿಯಿಂದ ನಾನು ಇಳಿಸಿದ್ದು ದೋಸೆಯನ್ನು ಮಾತ್ರವಲ್ಲ. ಆ ಗಾಯವೂ ದಿನಕ್ಕಿಷ್ಟರಂತೆ ಇಳಿದು, ಅವರ ನೆನಪಿನಲ್ಲಿ ಅರೆಗಣ್ಣನ ಕೆನ್ನೆಯ ಮೇಲೆ ಹೋಗಿ ಕೂತಿತ್ತು. ಹಿಡಿದು ಅಲುಗಾಡಿಸಿ, ಇಲ್ಲ, ನೀವೇ ಸರಿ ಎಂದು ಒಪ್ಪಿಸಬಹುದಿತ್ತು. ನಾನು ಕುಂಚ ತಂದಿರಲಿಲ್ಲ. ಬರೆಯಲು ಏನಾದರೂ ಇದೆಯೇ ಎಂದು ನರ್ಸನ್ನು ಕೇಳಿದೆ. ಇಲ್ಲಿರುವವರ ಬಟ್ಟೆಗಳ ಮೇಲೆ ಹೆಸರು ಬರೆಯುವ ಕಪ್ಪು ಮಾರ್ಕರ್ ಅವಳ ಜೇಬಿನಲ್ಲಿತ್ತು. ಹಲಗೆಯನ್ನು ಕಿಟಕಿಯ ಕಟ್ಟೆಗೆ ಆನಿಸಿ, ಕಣ್ಣ ಕೆಳಗಿನಿಂದ ದವಡೆಯವರೆಗೆ ಮೂರು ಎಳೆತ ಎಳೆದೆ. ಕೈ ಹಿಂಜರಿಯಲಿಲ್ಲ.

ಯಜಮಾನರು ಕುರ್ಚಿ ಹಿಂದಕ್ಕೆ ಸರಿಸಲು ಹೇಳಿದರು. ಕೋಣೆಯ ಆ ತುದಿಯ ಗೋಡೆಯವರೆಗೆ ಹೋಗಿ, ಅಲ್ಲಿಂದ ನೋಡಿದರು, ನಾನು ಬಸ್‌ಸ್ಟಾಪಿನಿಂದ ನೋಡುತ್ತಿದ್ದ ಹಾಗೆ.

"ಗ್ರ್ಯಾಂಡ್," ಅಂದರು. "ಈಗ ಬಂದ ನೋಡು."

ಹಲಗೆ ಅವರ ಮಂಚದ ಎದುರಿನ ಗೋಡೆಯ ಮೇಲಿದೆ. ಕೆಳಗೆ ಅವರ ಮಗಳು ಅರೆಗಣ್ಣನ ನಿಜವಾದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದಾಳೆ. ಅದು ನನಗೆ ಈಗಲೂ ನೆನಪಿನಲ್ಲಿ ನಿಲ್ಲುವುದಿಲ್ಲ. ಹೋಟೆಲ್ ಮತ್ತೆ ತೆರೆದಿದೆ. ತಿಂಗಳಿಗೊಂದು ಸೋಮವಾರ ಅತ್ಲೋನಿನ ರೈಲು ಹತ್ತುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹೆಂಡತಿ ಒಬ್ಬಳು, ಮಗಳು ಒಬ್ಬಳು. ವಾರಕ್ಕೆ ಆರು ದಿನದ ಕೆಲಸ. ಕುಂಚ ನಾಲ್ಕು, ಬಣ್ಣ ಆರು ಡಬ್ಬ, ಅದರಲ್ಲಿ ಕಂದು ಇನ್ನೂ ಅಕ್ಕಿ ಡಬ್ಬದ ಹಿಂದೆಯೇ ಇದೆ. ಇಪ್ಪತ್ತು ಅಡಿ ಹಗ್ಗ. ಕೆಂಪು ಸುತ್ತು ಹಾಕಿದ ಟಿವಿ ಹಾಳೆ ಮೂವತ್ತೊಂದು. ಸರ್ಟಿಫಿಕೇಟು ಒಂದೂ ಇಲ್ಲ.